ಟೀಚರ್ ಚೆಲ್ಲಿದ ನೀರು

ಯಾರ ಮನೆಗೆ ಹೋದರೂ ಅಲ್ಲಿ ಕೊಟ್ಟ ನೀರನ್ನು ರುಕ್ಮಿಣಮ್ಮ ಟೀಚರ್ ಪೂರ್ತಿ ಕುಡಿಯುತ್ತಿರಲಿಲ್ಲ. ಹೊರಡುವಾಗ ಲೋಟದಲ್ಲಿ ಉಳಿದದ್ದನ್ನು ಗೇಟಿನಾಚೆ ಚೆಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ, ಅದು ಯಾವ ಕಡೆ ಹರಿಯುತ್ತದೆಂದು ನೋಡುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ನನಗೆ ಭೂಗೋಳ ಕಲಿಸಿದವರು ಅವರು.

"ಊರು ಸುಮ್ನೆ ಹುಟ್ಟಲ್ಲ ಕಣಮ್ಮ. ಬೆಟ್ಟದಿಂದ ಇಳಿದ ನೀರು ಇಲ್ಲಿ ನಿಂತ್ಕೊಂತು. ನೀರಿದ್ದ ಕಡೆ ಗಾಡಿಯೋರು ಎತ್ತು ಬಿಚ್ಚಿದ್ರು. ಸಂತೆ ಆಯ್ತು, ಊರಾಯ್ತು. ಆದ್ರೆ ಮನೆ ಕಟ್ಟಿದ್ದು ದಿಣ್ಣೇಲಿ. ತಗ್ಗು ನೀರಿಂದು," ಅನ್ನುತ್ತಿದ್ದರು.

ನಾವು ಸೈಟು ಕೊಂಡದ್ದು ತಗ್ಗಿನಲ್ಲೇ. ಬೆಂಗಳೂರು ಹೈವೇ ಹಿಡಿದು ಇತ್ತ ಬರುತ್ತಿದ್ದಂತೆ ದಿಣ್ಣೆಯ ಜಾಗ ನಮ್ಮಂಥವರ ಕೈಗೆಟುಕದಾಯಿತು. ಕೆರೆಗೆ ನೀರು ತರುತ್ತಿದ್ದ ಹಳೇ ಕಾಲುವೆಯ ಮೇಲೆ ನಮ್ಮ ಬಡಾವಣೆ ಎದ್ದಿತ್ತು.

ಗೃಹಪ್ರವೇಶದ ದಿನ ಟೀಚರ್ ಚೆಲ್ಲಿದ ನೀರು ತಿರುಗಿ ನಮ್ಮ ಗೇಟಿನೊಳಗೇ ಬಂತು.

"ಗಂಗಮ್ಮ ತಾನಾಗೇ ಮನೆಗ್ ಬಂದ್ಲು!" ಎಂದು ಅತ್ತೆ ಅರಿಶಿನ ಕುಂಕುಮ ತಂದರು. ನಾನೂ ಕೈಮುಗಿದೆ.

ಟೀಚರ್ ನಗಲಿಲ್ಲ. "ಪಿಚ್ಚಿದಾನಾ, ಹುಚ್ಚು ಹುಡುಗಿ, ಅವಳಿಗೆ ದಾರಿ ಗೊತ್ತು. ದೇವರನ್ನಾದ್ರೂ ಮಹಡಿ ಮೇಲಿಡು."

"ಇಲ್ಲಿ ಕಪ್ಪೆ ಕೂಗಿ ಎಷ್ಟು ವರ್ಷ ಆಯ್ತು ಟೀಚರ್? ದೋಣಿನೂ ತರಿಸೋಣ್ವಾ?" ಎಂದು ನಮ್ಮೆಜಮಾನರು ರೇಗಿಸಿದರು. ಆದರೂ ನಾನು ದೇವರನ್ನು ಮೆಟ್ಟಿಲ ಮೇಲಿನ ಪುಟ್ಟ ಕೋಣೆಯಲ್ಲೇ ಇಟ್ಟೆ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ. ನಮ್ಮಲ್ಲಿ ಬಿಸಿಲು, ಬೆಟ್ಟದ ಕಡೆ ಕಪ್ಪು. ಕೆಂಪು ನೀರು ಸದ್ದಿಲ್ಲದೆ, ಟೀಚರ್ ನೀರು ಹರಿದ ಜಾಡಿನಲ್ಲೇ ಗೇಟು ದಾಟಿ ಬಂತು. ನೋಡನೋಡುತ್ತ ಒಲೆ ಮುಳುಗಿತು, ಅತ್ತೆಯ ಮಂಚ ತೇಲಿತು. ಮಂಡಿ ನೋವಿನ ಅತ್ತೆ ಪೂಜೆಗೆಂದು ಮೇಲೆ ಹತ್ತಿ ಕೂತಿದ್ದರು. ಅದಕ್ಕೇ ಉಳಿದರು. ದೇವರು ಅಷ್ಟು ಕರುಣೆ ಇಟ್ಟಿದ್ದ.

ಟೀಚರನ್ನು ಕೊನೆಗೆ ಕಂಡಾಗ ಅವರು ಹಾಸಿಗೆ ಹಿಡಿದಿದ್ದರು. ನಮ್ಮ ಮೇಲ್ಗಡೆ ಇನ್ನೊಂದು ಬಡಾವಣೆ ಏಳುತ್ತಿದೆ ಎಂದೆ. "ಹಂಗಾದ್ರೆ ಅಲ್ಲಿ ಇಂಗ್ತಿದ್ದ ನೀರೂ ನಿಮಗೇ," ಎಂದು ನನ್ನ ಕೈ ಹಿಡಿದುಕೊಂಡರು. "ಬಿಟ್ಬಿಡಮ್ಮ ಆ ಮನೆ."

ಮಾರದೆ ಮನೆ ಬಿಡುವುದು ಹೇಗೆ? ಟೀಚರ್ ತೀರಿಹೋದ ಮೇಲೆ, ಮೊನ್ನೆ, ಯಾರೋ ಗಂಡ ಹೆಂಡತಿ ಮನೆ ನೋಡಲು ಬಂದರು. ಹುಡುಗಿ ತುಂಬು ಬಸುರಿ. ಅವಳು ಕುಡಿದು ಬಿಟ್ಟ ನೀರನ್ನು ಅವಳ ಮುಂದೆಯೇ ಗೇಟಿನಾಚೆ ಚೆಲ್ಲಿದೆ. ಅದು ತಿರುಗಿ ಒಳಗೆ ಬಂತು.

ಅವಳ ಮುಖ ಅರಳಿತು. "ಒಳ್ಳೇ ಶಕುನ ಅಲ್ವಾ ಆಂಟಿ?"

"ಅಲ್ಲಮ್ಮ," ಎಂದು, ಆದದ್ದನ್ನೆಲ್ಲ ಹೇಳಿದೆ.

ಅವರು ಹೊರಟುಹೋದರು. ಬೆಟ್ಟದ ಕಡೆ ಕಪ್ಪಾಗುತ್ತಿತ್ತು. ಅತ್ತೆಯ ಕೈ ಹಿಡಿದು, ಮೆಲ್ಲಗೆ ಮೆಟ್ಟಿಲು ಹತ್ತಿಸಿದೆ.