ಬಲಗಡೆಯ ಇಂಜಿನ್ನಿನ ಐವತ್ತೆರಡು ಗಂಟೆ

ನಮ್ಮ ಸೋದರತ್ತೆ ಯಾವ ದೋಣಿ ಹತ್ತಿದರೂ ಮೊದಲು ಮಾಡುವ ಕೆಲಸ ಒಂದೇ. ಇಂಜಿನ್ನಿನ ಮುಚ್ಚಳ ಎತ್ತಿಸಿ, ಅಂಗೈಯನ್ನು ಲೋಹದ ಮೇಲೆ ಊರಿ, ಮಗುವಿನ ಜ್ವರ ನೋಡುವವಳ ಹಾಗೆ ಕಣ್ಣು ಮುಚ್ಚುತ್ತಾಳೆ. ತಣ್ಣಗಿದ್ದರೆ ಚೀಲ ಬಿಚ್ಚುತ್ತಾಳೆ. ಬೆಚ್ಚಗಿದ್ದರೆ ಚೀಲ ಹೆಗಲಿಗೇರಿಸಿ ಮನೆಗೆ ಬರುತ್ತಾಳೆ. ಹಳೆಯ ಇಂಜಿನ್ನಿನ ಕಾಯಿಲೆ ಬಾಯಿ ಬಿಡುವುದು ತಣ್ಣಗಿದ್ದದ್ದನ್ನು ಚಾಲೂ ಮಾಡುವ ಮೊದಲ ನಿಮಿಷದಲ್ಲಿ. ಅದನ್ನು ಮುಚ್ಚಿಡಲೆಂದೇ ಹಳೆಯ ದೋಣಿ ಮಾರುವ ಎಷ್ಟೋ ಜನ ಅವಳು ಬರುವ ಮುಂಚೆ ಅರ್ಧ ಗಂಟೆ ಓಡಿಸಿ ಇಟ್ಟಿರುತ್ತಾರೆ. ಬಂದರಿನಲ್ಲಿ ಅವಳಿಗೆ ಥರ್ಮಾಮೀಟರ್ ಅಂತಲೇ ಹೆಸರು.

"ಥರ್ಮಾಮೀಟರ್ ಬಂತು ಕಣ್ರೋ! ಯಾರ ಇಂಜಿನ್‌ಗಾದ್ರೂ ಜ್ವರ ಇದ್ರೆ ಬೇಗ ಐಸ್ ಇಡಿ," ಎಂದು ಡೀಸೆಲ್ ಪಂಪಿನವನು ಅವಳನ್ನು ಕಂಡಾಗಲೆಲ್ಲ ಕೂಗುತ್ತಾನೆ.

"ಮೊದಲು ನಿನ್ನ ತಲೆ ಮೇಲೆ ಇಟ್ಕೋ," ಎನ್ನುತ್ತಾಳೆ ಅತ್ತೆ, ತಿರುಗಿಯೂ ನೋಡದೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ದೋಣಿ ರಿಪೇರಿ ಶೆಡ್ಡಿಗೆ ಸೇರಿದ್ದು ಬಿಡಿಭಾಗಗಳಿಗೆ ಚೀಟಿ ಅಂಟಿಸಲು. ಅಂಟಿಸುತ್ತ ಅಂಟಿಸುತ್ತ, ಇದು ಯಾಕೆ ಸವೆಯಿತು, ಅದು ಯಾಕೆ ಸೀಳಿಹೋಯಿತು ಎಂದು ಮೆಕ್ಯಾನಿಕ್ಕುಗಳ ತಲೆ ತಿನ್ನತೊಡಗಿದಳಂತೆ. ಕಾಟ ತಾಳಲಾರದೆ ಅವರು ಕಲಿಸಿಬಿಟ್ಟರು. ಇಪ್ಪತ್ತೆಂಟು ವರ್ಷ ಕಳೆದ ಮೇಲೆ ಈಗ, ಅವಳು ನೋಡದೆ ಆ ದಂಡೆಯಲ್ಲಿ ಯಾರೂ ಹಳೆಯ ವೇಗದ ದೋಣಿ ಕೊಳ್ಳುವುದಿಲ್ಲ. ಅವಳು ಬರೆದುಕೊಡುವ ವರದಿಯಲ್ಲಿ 'ಕಾರಣ' ಎಂದೊಂದು ಕಾಲಂ ಇದೆ. ಅದನ್ನು ಅವಳು ಒಮ್ಮೆಯೂ ಖಾಲಿ ಬಿಟ್ಟಿಲ್ಲ.

ಕಾಲೇಜಿಗೆ ರಜೆ ಬಂದಾಗ ಟಾರ್ಚ್ ಹಿಡಿಯುವುದು, ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಪಾಲಿಗೆ. ಹಾಗೆ ಹೋದಾಗಲೇ, ಶಾಲೆಯಿಂದ ನಿವೃತ್ತರಾಗಿದ್ದ ಟೀಚರಮ್ಮನ ದೋಣಿಯನ್ನು ನೋಡಿದ್ದು.

ಅದು ಪಂದ್ಯದ ದೋಣಿ, ಉದ್ದಕ್ಕೆ, ಮೂತಿ ಚೂಪಾಗಿತ್ತು. ಹಿಂಭಾಗದಲ್ಲಿ ಎರಡು ಪೆಟ್ರೋಲ್ ಇಂಜಿನ್‌ಗಳು ಅಕ್ಕಪಕ್ಕ ಮಲಗಿದ್ದವು, ಒಂದೊಂದಕ್ಕೂ ಎಂಟು ಸಿಲಿಂಡರ್. ಟೀಚರಮ್ಮನ ಯಜಮಾನರು ಅದರಲ್ಲಿ ಪಂದ್ಯ ಓಡಿಸುತ್ತಿದ್ದವರು. ತೀರಿಕೊಂಡು ಆರು ವರ್ಷವಾಗಿತ್ತು. ಕೊಳ್ಳಲು ಬಂದವನು ಎದುರಿನ ದ್ವೀಪದ ದೋಣಿಯವನು. ದ್ವೀಪದಲ್ಲಿ ಆಸ್ಪತ್ರೆ ಇಲ್ಲ. ಹಿಂದಿನ ವರ್ಷ ಎದೆನೋವು ಬಂದ ಅಣ್ಣನನ್ನು ತನ್ನ ನಿಧಾನದ ದೋಣಿಯಲ್ಲಿ ಕರೆತರುತ್ತಿದ್ದ. ದಡ ಸೇರಲು ಐವತ್ತು ನಿಮಿಷ ಬೇಕು. ಅಣ್ಣನಿಗೆ ಮೂವತ್ತೇ ಸಿಕ್ಕಿತು. ಇನ್ನು ಮೇಲೆ ದ್ವೀಪದ ರೋಗಿಗಳಿಗಾಗಿ ಒಂದು ವೇಗದ ದೋಣಿ ಇಟ್ಟೇ ತೀರುತ್ತೇನೆಂದು ಅವನು ಹಟ ಹಿಡಿದಿದ್ದ.

"ಅರ್ಧ ದಾರೀಲಿ ಕೈ ಕೊಡಬಾರದು ಅಕ್ಕಾ. ಅಷ್ಟೇ ನಂಗೆ ಬೇಕಿರೋದು," ಎಂದ.

ಅತ್ತೆ ಅಂಗೈ ಊರಿದಳು. "ತಣ್ಣಗಿದೆ."

ಟೀಚರಮ್ಮ ಮುಗುಳ್ನಕ್ಕರು. "ನಿಮ್ಮ ವಿಷಯ ಕೇಳಿದೀನಮ್ಮ. ಬೀಗದ ಕೈನೇ ಮುಟ್ಟಿಲ್ಲ ಬೆಳಗಿಂದ."

ಆಮೇಲೆ ಅತ್ತೆಯ ಟಾರ್ಚು ಗಂಟೆ ತೋರಿಸುವ ಮೀಟರುಗಳ ಮೇಲೆ ನಿಂತಿತು. ಇಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದನ್ನು ಅವು ಹೇಳುತ್ತವೆ. ಎಡಗಡೆಯದು ಇನ್ನೂರ ಹನ್ನೆರಡು. ಬಲಗಡೆಯದು ಇನ್ನೂರ ಅರವತ್ತನಾಲ್ಕು.

ಜೋಡಿ ಇಂಜಿನ್ನುಗಳು ಒಟ್ಟಿಗೇ ಹೊರಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ಐವತ್ತೆರಡು ಗಂಟೆ ವ್ಯತ್ಯಾಸ ಎಲ್ಲಿಂದ ಬರಬೇಕು?

"ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ," ಎಂದ ದೋಣಿಯವನು, ಮುಖ ಗಂಟಿಕ್ಕಿ. "ನನ್ನ ಕಿವಿಗೆ ಹೂವಿಡೋಕೆ ನೋಡ್ತಿದ್ದೀರಾ ಅಮ್ಮಾ?"

ಟೀಚರಮ್ಮನ ಮುಖ ಕೆಂಪಾಯಿತು. "ಮೂವತ್ತೈದು ವರ್ಷ ಮಕ್ಕಳಿಗೆ ಕಾಪಿ ಹೊಡೀಬೇಡಿ ಅಂತ ಹೇಳಿದವಳು ನಾನು."

"ಇಬ್ರೂ ಸುಮ್ನಿರಿ. ಅದನ್ನೇ ಕೇಳೋಣ," ಎಂದಳು ಅತ್ತೆ. ಅದನ್ನೇ ಎಂದರೆ ಇಂಜಿನ್ನನ್ನೇ.

ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದೇ ಸಿಲಿಂಡರಿನ ಒತ್ತಡ ಅಳೆದಳು. ಎಡಗಡೆಯ ಎಂಟೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಸಮನಾಗಿದ್ದವು. ಬಲಗಡೆ ಆರನೆಯದರಲ್ಲಿ ಮುಳ್ಳು ಕೆಳಗೇ ನಿಂತಿತು. ಎಂಟನೆಯದರಲ್ಲಿ ಇನ್ನೂ ಕೆಳಗೆ. ಬಳ್ಳಿಯಷ್ಟು ಸಣ್ಣ ಕ್ಯಾಮೆರಾವನ್ನು ಪ್ಲಗ್ಗಿನ ತೂತಿನೊಳಗೆ ಇಳಿಸಿ, "ಬಾ, ನೋಡೇ," ಎಂದು ನನ್ನನ್ನು ಕರೆದಳು.

ಪುಟ್ಟ ಪರದೆಯ ಮೇಲೆ ನಾನು ಎಂದೂ ಕಾಣದ ಒಂದು ಕೋಣೆ ಬೆಳಗಿತು. ಗೋಡೆಗಳ ಮೇಲೆ ಕೂದಲೆಳೆಯಷ್ಟು ತೆಳುವಾದ ಅಡ್ಡಗೆರೆಗಳು, ಯಾರೋ ತಾಳ್ಮೆಯಿಂದ ಕೆತ್ತಿದಂತೆ. ನೆಲ ಹೊಳೆಯುತ್ತಿತ್ತು. ಇಷ್ಟು ಚಿಕ್ಕ ಕತ್ತಲಲ್ಲಿ ನಿಮಿಷಕ್ಕೆ ಸಾವಿರಾರು ಸಲ ಬೆಂಕಿ ಹೊತ್ತಿ ಆರುತ್ತದಲ್ಲ ಎಂದುಕೊಂಡು ಉಸಿರು ಹಿಡಿದೆ. ಅತ್ತೆ ಕ್ಯಾಮೆರಾ ತಿರುಗಿಸಿದಳು. ಹೊಗೆ ಹೊರಹೋಗುವ ಕಡೆಯ ವಾಲ್ವಿನ ಅಂಚಿನಲ್ಲಿ, ಲೋಟದ ತಳದಲ್ಲಿ ಉಳಿದ ಚಹಾದ ಕಲೆಯ ಹಾಗೆ, ತುಕ್ಕು.

ಅತ್ತೆ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕೈ ಒರೆಸಿಕೊಂಡು ಟೀಚರಮ್ಮನ ಎದುರು ಕೂತಳು.

"ಯಜಮಾನ್ರು ಹೋದ ಮೇಲೆ ಇದನ್ನ ಯಾರು ಓಡಿಸ್ತಿದ್ರು ಅಮ್ಮ?"

"ಯಾರೂ ಇಲ್ಲ. ನಾನೇ ವಾರಕ್ಕೊಂದ್ಸಲ ಚಾಲೂ ಮಾಡ್ತಿದ್ದೆ, ಇಲ್ಲೇ ಕಟ್ಟಿದ್ದಲ್ಲೇ. ನಿಂತೇ ಇದ್ರೆ ಹಾಳಾಗುತ್ತೆ ಅಂತ ಅವರು ಹೇಳ್ತಿದ್ರು. ತೀರಾ ನಿಧಾನಕ್ಕೆ ಇಡ್ತಿದ್ದೆ, ಪೆಟ್ಟಾಗಬಾರದಲ್ಲ. ಎಡಗಡೆಯದು ಎರಡು ನಿಮಿಷ."

"ಬಲಗಡೆಯದು?"

ಟೀಚರಮ್ಮ ಮುಂದಿನ ಸೀಟಿನ ಕಡೆ ನೋಡಿದರು. "ಅವರ ಸೀಟು ಇರೋದು ಬಲಗಡೆ. ಆ ಇಂಜಿನ್ ಓಡ್ತಿದ್ರೆ ಸೀಟು ಸಣ್ಣಗೆ ನಡುಗುತ್ತೆ. ಅಲ್ಲಿ ಕೂತು ಕಾಫಿ ಕುಡಿಯೋ ಅಷ್ಟು ಹೊತ್ತು... ಇನ್ನೊಂದು ಹತ್ತು ನಿಮಿಷ."

ನಾನು ಪುಸ್ತಕದ ಅಂಚಿನಲ್ಲಿ ಗುಣಿಸಿದೆ. ವಾರಕ್ಕೆ ಹತ್ತು ನಿಮಿಷ, ವರ್ಷಕ್ಕೆ ಐವತ್ತೆರಡು ವಾರ, ಆರು ವರ್ಷ. ಐವತ್ತೆರಡು ಗಂಟೆ. ಒಂದು ವಾರವೂ ತಪ್ಪಿರಲಿಲ್ಲ. ಪುಸ್ತಕವನ್ನು ಅತ್ತೆಯ ಕಡೆ ತಿರುಗಿಸಿದೆ. ದೋಣಿಯವನೂ ಇಣುಕಿದ. ಅವನ ಗಂಟಿಕ್ಕಿದ ಮುಖ ಸಡಿಲವಾಗಿ, ತಲೆ ತಗ್ಗಿತು.

"ಅಲ್ಲಿಗೆ ತುಕ್ಕು ಹೇಗೆ ಬಂತು?" ಪರದೆಯ ಮೇಲಿನ ಕಲೆಯನ್ನು ನೋಡುತ್ತ ಟೀಚರಮ್ಮನೇ ಕೇಳಿದರು.

ಗೊತ್ತಿಲ್ಲ ಎನ್ನಬಹುದಿತ್ತು ಅತ್ತೆ. ವಯಸ್ಸಾದ ಇಂಜಿನ್ ಎಂದಿದ್ದರೂ ಆಗುತ್ತಿತ್ತು. ಅವಳು ಹಾಗೆಯೇ ಹೇಳಲಿ ಎಂದು ನಾನು ಆಸೆಪಟ್ಟೆ.

"ಇದು ಓಡೋಕೇ ಅಂತ ಕಟ್ಟಿದ ಇಂಜಿನ್ ಅಮ್ಮ. ತುಂಬ ನಿಧಾನಕ್ಕೆ ಬಹಳ ಹೊತ್ತು ಇಟ್ರೆ, ಬಿಟ್ಟ ಉಸಿರನ್ನ ಸ್ವಲ್ಪ ಸ್ವಲ್ಪ ವಾಪಸ್ ಎಳ್ಕೊಳ್ಳುತ್ತೆ. ಹೊಗೆಕೊಳವೆ ತಣ್ಣಗಾಗ್ಲಿ ಅಂತ ಅದರೊಳಗೆ ಉಪ್ಪುನೀರು ಬಿಟ್ಟಿರ್ತಾರೆ. ಆ ಹನೀನೂ ಉಸಿರಿನ ಜೊತೆ ಒಳಗೆ ಹೋಗುತ್ತೆ."

"ಅಂದ್ರೆ ನಾನೇ ಹಾಳು ಮಾಡಿದೆ."

"ಹೌದಮ್ಮ," ಎಂದಳು ಅತ್ತೆ. ಅವಳ ಅಂಗೈ ಟೀಚರಮ್ಮನ ಕೈಮೇಲಿತ್ತು. "ಆದ್ರೆ ಎರಡು ಇಂಜಿನ್ನೂ ಕಚ್ಕೊಂಡು ಕಲ್ಲಾಗದೆ ಉಳಿದಿರೋದೂ ನಿಮ್ಮಿಂದಾನೇ. ಕೆಟ್ಟಿರೋದು ಎರಡು ವಾಲ್ವ್. ಬಿಚ್ಚಿ ಹೊಸದು ಹಾಕಿದ್ರೆ ಸರಿಹೋಗುತ್ತೆ."

ಟೀಚರಮ್ಮ ಎದ್ದು ಹೋಗಿ ಆ ಸೀಟಿನ ಮೇಲೆ, ನಮಗೆ ಬೆನ್ನು ಮಾಡಿ ಕೂತರು. ದೋಣಿಯವನು ಹಗ್ಗದ ತುದಿಯನ್ನು ಸುತ್ತುತ್ತ ಬಿಚ್ಚುತ್ತ ನಿಂತಿದ್ದ. ಕೊನೆಗೆ, "ಅಮ್ಮಾ, ತಪ್ಪು ಮಾತಾಡ್ದೆ. ರಿಪೇರಿ ಆಗಲಿ, ನಾನು ಕಾಯ್ತೀನಿ," ಎಂದ.

'ಕಾರಣ' ಎಂಬಲ್ಲಿ ಅತ್ತೆ ನನ್ನಿಂದ ಬರೆಸಿದ್ದು: ಆರು ವರ್ಷ, ವಾರ ತಪ್ಪದೆ, ಅತಿ ನಿಧಾನ ಚಾಲನೆ.

ಮೂರು ವಾರದ ಮೇಲೆ ನೀರಿನ ಮೇಲೆ ಓಡಿಸಿ ನೋಡುವ ದಿನ ಬಂತು. ಅತ್ತೆ ಟೀಚರಮ್ಮನನ್ನು ಬಿಡದೆ ಹತ್ತಿಸಿದಳು. "ಇಷ್ಟು ವರ್ಷದಲ್ಲಿ ಒಂದ್ಸಲವೂ ಪೂರ್ತಿ ವೇಗದಲ್ಲಿ ಕೂತಿಲ್ವಾ?" ಎಂದು ಕೇಳಿದರೆ, "ಭಯ ಕಣಮ್ಮ. ಅವರು ಕರೆದು ಕರೆದು ಸಾಕಾದ್ರು," ಎಂದರು. ಅತ್ತೆ ಅವರನ್ನು ಬಲಗಡೆಯ ಸೀಟಿನಲ್ಲಿ ಕೂರಿಸಿ, ಅವರ ಕೈಯನ್ನು ವೇಗದ ಹಿಡಿಗಳ ಮೇಲಿಟ್ಟಳು. ಚುಕ್ಕಾಣಿ ಹಿಡಿದು ದೋಣಿಯವನು ಪಕ್ಕದಲ್ಲಿ ನಿಂತ.

"ತಳ್ಳಿ ಅಮ್ಮ. ಇನ್ನೂ. ಪೂರ್ತಿ."

ಮೂತಿ ಮೇಲೆದ್ದಿತು. ಒಂದು ಕ್ಷಣ ಆಕಾಶ ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ದೋಣಿ ನೀರನ್ನು ಕೆಳಗೆ ಬಿಟ್ಟು ಹಗುರಾಯಿತು. ಎರಡೂ ಇಂಜಿನ್ನುಗಳ ವೇಗ ತೋರಿಸುವ ಮುಳ್ಳುಗಳು ಜೊತೆಯಾಗಿ ಏರಿ, ತಲುಪಬೇಕಾದ ಗುರುತಿನ ಮೇಲೆ ಅಲುಗದೆ ನಿಂತವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬಲಗಡೆಯ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ದವಡೆಗೆ ಒತ್ತಿ ಕೇಳುತ್ತಿದ್ದ ಅತ್ತೆ ಅದನ್ನು ನನಗೆ ಕೊಟ್ಟಳು. ಮೂಳೆಯೊಳಗೆ ಆ ಸದ್ದು ಇಳಿಯಿತು. ಅಷ್ಟು ಅಬ್ಬರದ ನಡುವೆ, ಸಾವಿರ ಹೊಲಿಗೆ ಯಂತ್ರಗಳು ಒಂದೇ ಬಟ್ಟೆಯನ್ನು ಹೊಲಿಯುವಂಥ ಸಣ್ಣ, ಸಮನಾದ ಸದ್ದು. ನನ್ನ ಕಣ್ಣು ತುಂಬಿತು. ಯಾಕೆಂದು ಇವತ್ತಿಗೂ ಹೇಳಲಾರೆ.

ದ್ವೀಪದ ಕಟ್ಟೆಗೆ ಬಂದು ನಿಂತೆವು. ದೋಣಿಯವನು ಕೈಗಡಿಯಾರ ನೋಡಿದ.

"ಹನ್ನೊಂದು ನಿಮಿಷ," ಎಂದ. ಆಮೇಲೆ ಸಮುದ್ರದ ಕಡೆ ತಿರುಗಿ, ಬಂದ ದಾರಿಯನ್ನು ನೋಡುತ್ತ ನಿಂತುಬಿಟ್ಟ.

ಟೀಚರಮ್ಮ ಹಿಂದಕ್ಕೆ ಬಂದು ಬಲಗಡೆಯ ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಊರಿದರು, ಅತ್ತೆ ಊರುವ ಹಾಗೆಯೇ.

"ಬೆಚ್ಚಗಿದೆ," ಎಂದರು.

"ಇರಲಿ ಅಮ್ಮ," ಎಂದಳು ಅತ್ತೆ. ಅವಳು ಬೆಚ್ಚಗಿನ ಇಂಜಿನ್ ಒಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.