ವೈನಿ ಹೊತ್ತ ಅರ್ಧ ತಾಸು

ನಮ್ಮ ವೈನಿಯ ಉಗುರಿನ ಸಂದಿಯಲ್ಲಿ ಯಾವಾಗಲೂ ಕಪ್ಪು ಕೂತಿರುತ್ತಿತ್ತು. ಕಡಲೆಹಿಟ್ಟು ಹಚ್ಚಿ ಎಷ್ಟು ತಿಕ್ಕಿದರೂ ಬೆರಳಿನ ಡೀಸೆಲ್ ವಾಸನೆ ಹೋಗದು. "ಇವತ್ತ ಸಾರಿಗೂ ಡೀಸೆಲ್ಲಿನ ಒಗ್ಗರಣಿನ ಏನವಾ?" ಎಂದು ಅವ್ವ ಕಾಡಿಸುತ್ತಿದ್ದಳು. ಆಗ ಅವ್ವನಿಗೆ ಸೊಸೆಯೆಂದರೆ ಜೀವ.

ಧಾರವಾಡದಲ್ಲಿದ್ದ ನಮ್ಮಣ್ಣ ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಹೋಗಿ, ಅಲ್ಲಿಯವಳೇ ಆದ ವೈನಿಯನ್ನು ಮದುವೆಯಾಗಿ, ಕೊನೆಗೆ ವಿಶಾಖಪಟ್ಟಣದ ಗಾಜುವಾಕದಲ್ಲಿ ಮನೆ ಮಾಡಿದ. ಅವ್ವ, ನಾನು ಅವರೊಂದಿಗೇ ಇದ್ದೆವು. ವೈನಿಯ ತಂದೆಗೆ ವಿಜಯವಾಡದ ಆಟೋನಗರ್‌ನಲ್ಲಿ ಡೀಸೆಲ್ ಗಾಡಿ ರಿಪೇರಿಯ ಅಂಗಡಿ. ಆಕೆ ಬೆಳೆದದ್ದೇ ಅಲ್ಲಿ. ಫಿಲ್ಟರ್ ಬದಲಿಸಲು ಕಾರನ್ನು ಗ್ಯಾರೇಜಿಗೆ ಒಯ್ಯುವುದೆಂದರೆ ಆಕೆಗೆ ಅವಮಾನ. ಹೊಸ ಫಿಲ್ಟರಿಗೆ ಡೀಸೆಲ್ ತುಂಬಿ ಕೂಡಿಸಿ, ರಬ್ಬರಿನ ಕೈಪಂಪನ್ನು ಅದು ಕಲ್ಲಿನಂತೆ ಬಿಗಿಯಾಗುವವರೆಗೆ ಒತ್ತುತ್ತಿದ್ದಳು. ಒಳಗೆ ಗಾಳಿ ಉಳಿದರೆ ಗಾಡಿ ನಡುದಾರಿಯಲ್ಲಿ ಕೈಕೊಡುತ್ತದೆ.

ಅಣ್ಣನ ಎರಡೂ ಕಿಡ್ನಿ ಹೋದವು. ಬದಲಿ ಕಿಡ್ನಿಗೆ ವಿಜಯವಾಡದ ಆಸ್ಪತ್ರೆಯಲ್ಲಿ ಹೆಸರು ಬರೆಸಿದೆವು. ಫೋನ್ ಬಂದ ಕೂಡಲೇ ಹೊರಡಬೇಕು, ಆರೇಳು ತಾಸಿನ ದಾರಿ. ಆ ಫೋನ್ ಬಂದದ್ದು ಮಳೆಗಾಲದ ಒಂದು ಬೆಳಿಗ್ಗೆ. ಡೀಸೆಲ್ಲಿಗೆ ನೀರು ಸೇರಿದೆಯೆಂದು ವೈನಿ ಆಗಷ್ಟೇ ಹಳೇ ಫಿಲ್ಟರ್ ಬಿಚ್ಚಿ ಕೆಳಗಿಟ್ಟಿದ್ದಳು.

ಟ್ಯಾಕ್ಸಿಯವರು ಒಂದು ತಾಸು ಆಗುತ್ತದೆ ಎಂದರು. ಅವ್ವ ಹಣೆ ಹಣೆ ಬಡಿದುಕೊಂಡಳು, ನಾನು ಕೂಗಾಡಿದೆ. ವೈನಿ ತಲೆ ಎತ್ತಲಿಲ್ಲ. "ಗಾಳಿ ಪೂರಾ ಹೋಗ್ಲಿ ಬಾಬೂ. ದಾರ್ಯಾಗ ನಿಂತ್ರ ಯಾರ್ ಬರ್ತಾರ?" ಎಂದು ನನಗೆ ಹೇಳುತ್ತ ಪಂಪು ಒತ್ತುತ್ತಲೇ ಇದ್ದಳು. ಅರ್ಧ ತಾಸು ಹೋಯಿತು. ಅವ್ವನನ್ನು ಮನೆಯಲ್ಲೇ ಬಿಟ್ಟು ಹೊರಟೆವು.

ಗಾಡಿ ಎಲ್ಲೂ ಕೆಮ್ಮಲಿಲ್ಲ. ಆಸ್ಪತ್ರೆಯವರು ಹೇಳಿದ ಹೊತ್ತಿಗಿಂತ ಮುಂಚೆಯೇ ಮುಟ್ಟಿದೆವು. ಆದರೆ ಪರೀಕ್ಷೆ ಮಾಡಿದ ಡಾಕ್ಟರು, ಹೃದಯ ಸೋತಿದೆ, ಆಪರೇಶನ್ ತಾಳಲಾರದು, ಇನ್ನು ಸರದಿಯಲ್ಲಿ ಹೆಸರು ಇಡುವ ಹಾಗಿಲ್ಲ ಎಂದುಬಿಟ್ಟರು. ಮರಳುವಾಗ ಹಿಂದಿನ ಸೀಟಿನಲ್ಲಿ ಮಲಗಿದ್ದ ಅಣ್ಣ, "ಅವ್ವಗ ಹೇಳಬ್ಯಾಡ್ರಿ. ಇನ್ನೊಮ್ಮೆ ಫೋನ್ ಬರ್ತದಂತ ಕಾಯಲಿ" ಎಂದ.

ಬಾಗಿಲಲ್ಲೇ ನಿಂತಿದ್ದ ಅವ್ವನಿಗೆ ವೈನಿಯೇ ಹೇಳಿದಳು: "ಲೇಟಾತು ಅತ್ತಯ್ಯಾ, ಬ್ಯಾರೆಯವ್ರಿಗೆ ಕೊಟ್ರು."

ದೀಪಾವಳಿಗೆ ಮೊದಲೇ ಅಣ್ಣ ತೀರಿಕೊಂಡ. "ಆಕಿ ಪಂಪು ಒತ್ತಿಕೋತ ಕೂತು ನನ್ನ ಮಗನ್ನ ಕೊಂದಳು" ಎಂದು ಅವ್ವ ಬಂದವರೆದುರಿಗೆಲ್ಲ ಅಂದಳು. ನಿಜ ಹೇಳಿಬಿಡುತ್ತೇನೆಂದು ನಾನು ಎದ್ದರೆ ವೈನಿ ನನ್ನನ್ನು ಅಡಿಗೆಮನೆಗೆ ಎಳೆದೊಯ್ದಳು. "ಬ್ಯಾಡ ಬಾಬೂ. ಅತ್ತಯ್ಯಗ ಸಿಟ್ಟಾದ್ರೂ ಇರ್ಲಿ. ಅದೂ ಹೋದ್ರ ಏನ್ ಹಿಡ್ಕೊಂಡು ಬದುಕ್ತಾರ?" ಎಂದಳು. ನನ್ನಿಂದ ಆಣೆ ಮಾಡಿಸಿಕೊಂಡಳು.

ಆಮೇಲೆಯೂ ಅವ್ವನಿಗೆ ನೀರೆರೆದದ್ದು, ಹೆರಳು ಹಾಕಿದ್ದು ಆಕೆಯೇ. ಅವ್ವ ಗೋಡೆಗೆ ಮುಖ ತಿರುಗಿಸಿ ಕೂರುವಳು. ಬೈಗುಳ ಮುಗಿದ ಮೇಲೆ ವೈನಿ ಬಾಚಣಿಗೆಯ ಕೂದಲು ತೆಗೆದು, "ಊಟಕ್ಕ ಏಳ್ರಿ" ಎನ್ನುವಳು. ಅಂಥ ತಾಳ್ಮೆ ನನಗೆ ಈ ಜನ್ಮದಲ್ಲಿ ಬಾರದು.

ಈ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ವೈನಿಯೂ ಹೋದಳು. ಹದಿಮೂರರ ಕಾರ್ಯ ಮುಗಿದ ಮೇಲೆ ಅವ್ವನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ.

"ಈಗ್ಯಾಕ ಹೇಳಿದಿ?" ಎಂದಳು ಅವ್ವ. "ಆಕಿ ಇದ್ದಾಗ ಹೇಳಬೇಕಿತ್ತಲ್ಲೋ."