ನಕ್ಷೆಯಲ್ಲಿ ಘಟ್ಟ ಯಾವ ಕಡೆ?

ನಕ್ಷೆ ಓದಲು ಬಾರದವನು ಬಾರದು ಎಂದುಬಿಟ್ಟರೆ ಲೋಕಕ್ಕೇನೂ ನಷ್ಟವಿಲ್ಲ. ನಾನು ಹಾಗೆನ್ನಲಿಲ್ಲ. ಅದರಿಂದಾಗಿ ನನ್ನ ಅಕ್ಕನಿಗೆ ಹೊಳೆ ದಾಟಲು ಸಿಗಬೇಕಾದ ಕಾಲುಸಂಕ ಕೋಣಗಳ ಪಾಲಾಗುವುದರಲ್ಲಿತ್ತು.

ಹಾಲಾಡಿಯಿಂದ ಒಳಗಿರುವ ನಮ್ಮೂರಲ್ಲಿ ಹೊಳೆಯ ಈಚೆ ನಾನು, ಆಚೆ ಅಕ್ಕ. ಮಳೆಗಾಲದಲ್ಲಿ ಡೈರಿಗೆ ಹಾಲು ತರಲು ಅವಳು ಸೊಂಟದವರೆಗಿನ ನೀರಲ್ಲಿ ದಾಟಬೇಕು. ಅಂತೂ ಸಂಕ ಮಂಜೂರಾಯಿತು. ಇಂಜಿನಿಯರ್ ಒಬ್ಬರು ಬಂದು ನಮ್ಮ ಜಗಲಿಯಲ್ಲಿ ನಕ್ಷೆ ಹಾಸಿ, "ಎಲ್ಲಿ ಬೇಕು, ತೋರಿಸಿ" ಎಂದರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗದದ ತುಂಬ ಹೆಬ್ಬೆಟ್ಟು ಒತ್ತಿದಂತೆ ಕಂದು ಗೆರೆಗಳು, ಅವು ಗುಡ್ಡಗಳಂತೆ. ನಡುವೆ ನೀಲಿ ಹೊಳೆ. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಹೊಳೆಯ ಒಂದೊಂದು ಗುಂಡಿಗೂ ಹೆಸರುಂಟು, ಹೆಚ್ಚಿನವು ಅಲ್ಲಿ ಜಾರಿ ಬಿದ್ದವರದ್ದು. ಪಾಪ, ಅವರ್‍ಯಾರೂ ನಕ್ಷೆಗೆ ಹತ್ತಿರಲಿಲ್ಲ.

ಆದರೂ ತಲೆದೂಗಿದೆ. ನಮಗೆ ಘಟ್ಟವೆಂದರೆ ಮೇಲೆ, ಕಡಲೆಂದರೆ ಕೆಳಗೆ. ಸಿದ್ದಾಪುರಕ್ಕೆ ಹತ್ತುತ್ತೇವೆ, ಕುಂದಾಪುರಕ್ಕೆ ಇಳಿಯುತ್ತೇವೆ. ಕಾಗದವೂ ಹಾಗೇ ಇರಬೇಕಲ್ಲ! ಅಕ್ಕನ ಮನೆ ಘಟ್ಟದ ಕಡೆಯ ತಿರುವಿನಲ್ಲಿದೆ. ನಕ್ಷೆಯ ಮೇಲ್ಗಡೆಯ ತಿರುವಿಗೆ ಬೆರಳಿಟ್ಟೆ. ಅವರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು.

ಮರುದಿನ ಅಳತೆಗೆ ಹೋದರೆ ಅದು ಕೋಣ ಮೀಯಿಸುವ ಗುಂಡಿ. ಸುತ್ತ ಒಂದು ಮನೆಯೂ ಇಲ್ಲ. ಅಷ್ಟರಲ್ಲಿ ಸುದ್ದಿ ತಿಳಿದ ಅಕ್ಕ ಓಡಿಬಂದಳು.

"ಹ್ವಾಯ್, ಎಂತ ಮಾರಾಯ, ಕೋಣಕ್ಕೆ ಸಂಕ ಮಾಡ್ಸುಕೆ ಹೊರ್ಟಿದ್ಯಾ? ಅವ್ಕೆ ಈಜುಕ್ ಬತ್ತ್, ನಂಗ್ ಬತ್ತಿಲ್ಲೆ!"

"ನಕ್ಷೆ ಹಳೇದಿರ್ಕ್ ಅಕ್ಕ" ಎಂದೆ. ಸುಳ್ಳು ಹೇಳಿದ್ದು ಅಕ್ಕನಿಗೆ. ಸಣ್ಣವನಿದ್ದಾಗ ನನ್ನನ್ನು ಸೊಂಟದಲ್ಲಿ ಹೊತ್ತು ಇದೇ ಹೊಳೆ ದಾಟಿಸಿದವಳು ಅವಳು.

"ಇವ್ನಿಗೆಂತ ಗೊತ್ತಿತ್ತ್ ಸರ್, ನಾ ತೋರ್ಸ್ತೆ" ಎಂದು ನಕ್ಷೆ ಕಸಿದುಕೊಂಡು ಬೆರಳಿಟ್ಟಳು. ಸರಿಯಾಗಿ ನನ್ನ ಪೆನ್ಸಿಲ್ ಗುರುತಿನ ಮೇಲೆ! ನನ್ನ ಪಾಪದ ಭಾರ ಅರ್ಧ ಇಳಿಯಿತು.

ಇಂಜಿನಿಯರ್ ನಗು ನುಂಗಿಕೊಂಡು ವಿವರಿಸಿದರು: ನಕ್ಷೆಯ ಮೇಲ್ಗಡೆ ಇರುವುದು ಉತ್ತರ, ಘಟ್ಟ ಬಲಕ್ಕೆ. ನಮ್ಮ ಹೊಳೆ ಇಲ್ಲಿ ಸ್ವಲ್ಪ ದೂರ ಉತ್ತರಕ್ಕೆ ಹರಿಯುವುದರಿಂದ ಕಾಗದದಲ್ಲಿ ಮೇಲಿದ್ದದ್ದು ನೀರಿನಲ್ಲಿ ಕೆಳಗೆ. ಘಟ್ಟವನ್ನು ಬಲಕ್ಕೆ ಮಲಗಿಸಿದವರ ಧೈರ್ಯ ದೊಡ್ಡದು.

ಅವರು ನಕ್ಷೆ ಮಡಚಿ ಚೀಲಕ್ಕೆ ಹಾಕಿದರು. ಅಕ್ಕ ಮುಂದೆ ನಡೆದಳು. ತನ್ನ ಮನೆಯೆದುರು, ದಿನಾ ದಾಟುವಲ್ಲಿ ನೀರಿಗಿಳಿದು, "ಇಲ್ಲಿ" ಎಂದಳು. ಅಲ್ಲೇ ದಡದಲ್ಲಿ ಗೂಟ ಹೊಡೆದರು.

ಮಳೆಗಾಲಕ್ಕೆ ಮುಂಚೆ ಸಂಕ ಆಗುತ್ತದಂತೆ. ಇನ್ನು ಹೊಳೆ ತುಂಬಿದರೂ ಅಕ್ಕ ನನ್ನನ್ನು ಬೈಯಲು ಕಾಲು ಒದ್ದೆಯಾಗದೆ ಬರಬಹುದು.